ಆರು ಹೆಜ್ಜೆಗೆ ಗೋಡೆ ಎಬ್ಬಿಸಿದ ಗುತ್ತಿಗೆದಾರರಿಗೆ

ಅಳತೆಯ ಟೇಪನ್ನು ಹುಲ್ಲಿಗೆ ಸಮವೆಂದು ಎಣಿಸಿ, ಬರೀ ಪಾದಗಳಿಂದಲೇ ಭೂಮಂಡಲವನ್ನು ಭಾಗ ಮಾಡಬಲ್ಲ ಧೀರರಾದ ಮಾನ್ಯರೇ,

ಸಾವಿರ ನಮಸ್ಕಾರಗಳು! ನಾವು ಮದುವೆಗೆಂದು ಪರವೂರಿಗೆ ಹೋದ ನಾಲ್ಕೇ ದಿನಗಳಲ್ಲಿ ತಾವು ಎಬ್ಬಿಸಿದ ಹಿತ್ತಿಲ ಗೋಡೆಯನ್ನು ಕಂಡು ತೆರೆದ ನನ್ನ ಬಾಯಿ ಇನ್ನೂ ಮುಚ್ಚಿಲ್ಲ. ಕ್ರಯಪತ್ರದಂತೆ ಮನೆಯ ಹಿಂದೆ ಹದಿನೆಂಟು ಅಡಿ ನಮ್ಮದು. ಹೆಜ್ಜೆಗೆ ಮೂರಡಿಯಂತೆ ತಾವು ಆರು ಹೆಜ್ಜೆ ನಡೆದು ಗೂಟ ಹೊಡೆದಿರಿ. ಲೆಕ್ಕ ಸರಿಯೇ! ಆದರೆ ಅಂದು ತಮ್ಮ ಕಾಲಲ್ಲಿದ್ದದ್ದು ಬೆರಳು ಕಚ್ಚುವ ಹೊಸ ಬೂಟು. ಮೊದಲ ಸಲ ರಂಗವೇರಿದ ನಾಯಕಿಯಂತೆ ಅಳುಕುತ್ತಾ ಅಡಿಯಿಟ್ಟಿರೆಂದು ತಮ್ಮ ಕೆಲಸದವರೇ ನಗುತ್ತಾ ಹೇಳಿದರು. ಗೋಡೆ ಹತ್ತನೆಯ ಅಡಿಗೇ ನಿಂತಿತು. ನಮ್ಮ ಬಚ್ಚಲುಮನೆ ಆಚೆ ಉಳಿಯಿತು. ಊರಿಂದ ಬಂದು ನೋಡಿ ಗಾಬರಿಯಾದ ನನ್ನ ಅಕ್ಕನಿಗೆ ತಾವು, "ಹಾಗಾದ್ರೆ ಅದು ಹಿಂದಿನ ಮನೆಯೋರದ್ದೇ ಇರ್ಬೇಕಮ್ಮಾ, ನನ್ನ ಹೆಜ್ಜೆ ಸುಳ್ಳು ಹೇಳಲ್ಲ" ಎಂದು ಅಭಯವಿತ್ತಿರಂತೆ. ಆಹಾ, ಎಂಥ ಆತ್ಮವಿಶ್ವಾಸ!

ಅರವತ್ತು ದಾಟಿದ ಅಕ್ಕ ಅಂದಿನಿಂದ ಏಣಿ ಹತ್ತಿ, ಗೋಡೆ ದಾಟಿ ಬಟ್ಟೆ ಒಗೆಯುತ್ತಾಳೆ. ಮಂಡಿನೋವು ಮಾಯವಾಗಿದೆ, ಅದಕ್ಕೂ ತಮಗೆ ಕೃತಜ್ಞತೆ. ಮೊನ್ನೆ ಹಿಂದಿನ ಮನೆಯ ನಿವೃತ್ತ ಗ್ರಂಥಪಾಲಕರು ಹೆಗಲಿಗೆ ಟವೆಲು ಹಾಕಿಕೊಂಡು ನಮ್ಮ ಬಚ್ಚಲಿನೊಳಗೆ ಹೊಕ್ಕು, "ಗೋಡೆಯಿಂದ ಈಚೆಗಿರೋದೆಲ್ಲ ನಮ್ಮದಲ್ವೇನಮ್ಮಾ, ಸ್ವಲ್ಪ ಸರೀರಿ" ಎನ್ನುತ್ತಾ ಅವಳ ತೋಳು ಹಿಡಿದೆಳೆದರು. ಅಕ್ಕ ಕೈಲಿದ್ದ ಒದ್ದೆ ಹೊದಿಕೆಯನ್ನು ಒಮ್ಮೆ, ಒಂದೇ ಒಮ್ಮೆ ಬೀಸಿದಳು. ಅವರ ಕಟ್ಟಿಸಿದ ಹಲ್ಲು ಚರಂಡಿಯ ಪಾಲಾಯಿತು.

ಅವರು ದೂರು ಕೊಟ್ಟರು. ಠಾಣೆಯಲ್ಲಿ ನಾನು ಕ್ರಯಪತ್ರ ತೋರಿಸಿದೆ, ಅವರು ಗೋಡೆಯ ಫೋಟೋ ತೋರಿಸಿದರು. ಕಾಗದಕ್ಕಿಂತ ಗೋಡೆ ದಪ್ಪವಲ್ಲವೇ? "ಬಚ್ಚಲು ನಿಮ್ದಾದ್ರೆ ಆತ್ಮರಕ್ಷಣೆ, ಅವರ್ದಾದ್ರೆ ನುಗ್ಗಿ ಹೊಡೆದ ಕೇಸು. ಕಟ್ಟಿದೋನನ್ನ ಸೋಮವಾರ ಕರ್ಕೊಂಡ್ಬನ್ನಿ, ಇಲ್ಲಾಂದ್ರೆ ನಿಮ್ಮಕ್ಕನ ಮೇಲೆ ಬರ್ಕೋತೀನಿ" ಎಂದರು ಇನ್ಸ್‌ಪೆಕ್ಟರ್.

ಆದ್ದರಿಂದ ಪೂಜ್ಯರೇ, ಸೋಮವಾರ ಬೆಳಿಗ್ಗೆ ಹತ್ತಕ್ಕೆ ದಯಮಾಡಿಸಿ, "ಅಳತೆ ತಪ್ಪಿತು" ಎಂಬ ಎರಡೇ ಪದ ನುಡಿದು ಉದ್ಧರಿಸಬೇಕು. ಅದು ಘನತೆಗೆ ಕುಂದೆನಿಸಿದರೆ, ಭೂಮಿಯನ್ನೇ ಎಂಟಡಿ ಹಿಗ್ಗಿಸಿ ಕೊಡಿ. ಆಗದಿದ್ದರೆ ಗೋಡೆಗೆ ಅಂಬೆಗಾಲಿಡುವುದನ್ನಾದರೂ ಕಲಿಸಿ. ಏಳು ಸಲ ಫೋನ್ ಮಾಡಿದಾಗಲೂ "ಸೈಟ್‌ನಲ್ಲಿದ್ದೀನಿ ಸಾರ್" ಎಂದ ತಾವು ಎಂಟನೆಯ ಸಲ ಎಲ್ಲಿರುತ್ತೀರೆಂದು ಕೇಳುವ ಧೈರ್ಯ ನನಗಿಲ್ಲ.

ಬಚ್ಚಲು ಹೋದರೂ ಭರವಸೆ ಬಿಡದ,
ತಮ್ಮ ವಿಶ್ವಾಸಿ,
ದಿನಾ ಏಣಿ ಹಿಡಿದು ನಿಲ್ಲುವವನು

ಮರೆತ ಮಾತು: ಇದನ್ನು ಬರೆಯುತ್ತಿರುವಾಗಲೇ ಅಕ್ಕ ಚಪ್ಪಲಿ ಮೆಟ್ಟಿ ತಮ್ಮ ಮನೆಯ ಕಡೆ ಹೊರಟಳು. ಅದು ತಮ್ಮದೇ ಮನೆಯೆಂಬುದರಲ್ಲಿ ಯಾರಿಗೂ ತಕರಾರಿಲ್ಲ. ಆತ್ಮರಕ್ಷಣೆಯ ಹಕ್ಕು ಪೂರ್ತಿ ತಮ್ಮದು. ಅದನ್ನು ಬಳಸಲು ಅವಳು ಪುರುಸೊತ್ತು ಕೊಡುತ್ತಾಳೆಯೇ ಎಂಬುದೊಂದೇ ನನ್ನ ಆತಂಕ.