ದುಡ್ಡು ಕೊಟ್ಟು ತಂದ ಲಂಟಾನ

ಪರದೇಶಕ್ಕೆ ಬಂದವರು ಊರಿನ ಏನನ್ನಾದರೂ ಕುಂಡದಲ್ಲಿ ಬೆಳೆಸದೆ ಇರಲಾರರು. ಇಂಗ್ಲೆಂಡಿನ ಡರ್ಬಿಯಲ್ಲಿ ನಮ್ಮ ಪರಿಚಯದ ಕನ್ನಡದವರೊಬ್ಬರು ಕಿಟಕಿಯ ಪಕ್ಕ ಕರಿಬೇವು ಬೆಳೆಸುತ್ತಾರೆ. ಎರಡು ಎಲೆ ಕೇಳಿದರೆ ಅವರ ಮುಖ ಸಣ್ಣದಾಗುತ್ತದೆ. ಇನ್ನೊಬ್ಬರು ಮಲ್ಲಿಗೆ ಗಿಡಕ್ಕೆ ಶಾಲು ಹೊದಿಸುತ್ತಾರೆ. ಇಂಥವರ ನಡುವೆ ನಾನು ಬೆಳೆಸಿದ್ದು ಲಂಟಾನ. ಹೌದು, ಅದೇ. ಖಾಲಿ ಸೈಟುಗಳಲ್ಲಿ, ರೈಲು ಹಳಿಯ ಪಕ್ಕದಲ್ಲಿ ಯಾರೂ ಕರೆಯದೆ ಬಂದು ಕೂತುಬಿಡುವ, ಮುಟ್ಟಿದರೆ ಕೈ ಗೀರುವ, ಎಲೆ ಉಜ್ಜಿದರೆ ಘಾಟು ಬರುವ ಲಂಟಾನ. ಚಿಕ್ಕಂದಿನಲ್ಲಿ ಅದರ ಕಪ್ಪು ಹಣ್ಣು ತಿಂದು ಅಮ್ಮನಿಂದ ಬೈಸಿಕೊಂಡವನು ನಾನು. ಅಂಥವನು ಅದನ್ನು ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಂಡು, ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ, ಸೀಟ್ ಬೆಲ್ಟ್ ಹಾಕಿ ಮನೆಗೆ ತಂದೆ. ಹೆಂಡತಿ ಹಿಂದಿನ ಸೀಟಿನಲ್ಲಿ ಕೂತಳು.

ಇದಕ್ಕೆಲ್ಲ ಕಾರಣ ನನ್ನ ಮಗಳು ತನ್ವಿ. ಅವಳಿಗೆ ಆಗ ಏಳು ವರ್ಷ. ಗಾರ್ಡನ್ ಸೆಂಟರಿನಲ್ಲಿ ಆ ಕುಂಡಕ್ಕೆ ಸಿಕ್ಕಿಸಿದ್ದ ಚೀಟಿಯಲ್ಲಿ ಹೂವಿನ ಮುಂದೆ ತೇಲುವ ಪುಟ್ಟ ಹಕ್ಕಿಯ ಚಿತ್ರವಿತ್ತು. ಹಮ್ಮಿಂಗ್‌ಬರ್ಡ್‌ಗಳನ್ನೂ ಚಿಟ್ಟೆಗಳನ್ನೂ ಸೆಳೆಯುವ ಗಿಡ ಎಂದು ಕೆಳಗೆ ಬರೆದಿತ್ತು. “ವಿಲ್ ಇಟ್ ರಿಯಲಿ ಕಮ್, ಅಪ್ಪಾ?” ಎಂದಳು. “ಬರದೇ ಏನು ಪುಟ್ಟಾ, ಪ್ರಾಮಿಸ್!” ಎಂದುಬಿಟ್ಟೆ. ವಿಮಾನದ ಇಂಜಿನ್ನಿನ ಒಂದೊಂದು ಭಾಗವನ್ನೂ ಮತ್ತೆ ಮತ್ತೆ ಪರೀಕ್ಷಿಸುವ ಕೆಲಸ ನನ್ನದು. ಹಕ್ಕಿಯ ವಿಷಯದಲ್ಲಿ ಮಾತ್ರ ಯಾರನ್ನೂ ಒಂದು ಮಾತು ಕೇಳಲಿಲ್ಲ. ಪಕ್ಕದ ಮನೆಯ ಅಜ್ಜಿ ಮೌರೀನ್ ಬೇಲಿಯ ಮೇಲಿಂದ ಇಣುಕಿ, ಇಂಗ್ಲೆಂಡಿನಲ್ಲಿ ಹಮ್ಮಿಂಗ್‌ಬರ್ಡ್ ಇಲ್ಲವೇ ಇಲ್ಲ, ಅವೆಲ್ಲ ಅಮೆರಿಕದವು ಎಂದು ಹೇಳುವಷ್ಟರಲ್ಲಿ ತನ್ವಿ ಇಡೀ ಕ್ಲಾಸಿಗೆ ಸುದ್ದಿ ಹಂಚಿಯಾಗಿತ್ತು.

ಇನ್ನು ಉಳಿದ ದಾರಿ ಒಂದೇ. ಹಕ್ಕಿ ಬರದಿದ್ದರೂ ಚಿಟ್ಟೆಗಳು ದಂಡುಗಟ್ಟಿ ಬಂದರೆ ಮಗಳ ಮುಂದೆ ಅರ್ಧ ಮಾತಾದರೂ ಉಳಿಯುತ್ತದೆ. ಆದರೆ ಊರಿನಲ್ಲಿ ಕಡಿದರೂ ಸುಟ್ಟರೂ ಜಗ್ಗದ ಗಿಡ ಇಲ್ಲಿ ಮೇ ತಿಂಗಳ ಗಾಳಿಗೇ ಮುಖ ಸಪ್ಪೆ ಮಾಡಿಕೊಳ್ಳುತ್ತಿತ್ತು. ಬೆಳಗ್ಗೆ ಅದನ್ನು ಹೊರಗಿಟ್ಟು, ಸಂಜೆ ಒಳಗೆ ಹೊತ್ತು ತರುತ್ತಿದ್ದೆ. “ನನ್ನ ಬಾಣಂತನದಲ್ಲೂ ಇಷ್ಟು ಮಾಡಿರ್ಲಿಲ್ಲ ನೀವು” ಎಂದಳು ಹೆಂಡತಿ ಶುಭಾ.

ಅಂತೂ ಜೂನ್ ಹೊತ್ತಿಗೆ ಮೊಗ್ಗು ಬಂತು. ಅದೇ ವೇಳೆಗೆ ಮೈಸೂರಿನಿಂದ ಮಾವನೂ ಬಂದರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಊರಾಚೆಯ ತಮ್ಮ ಸೈಟಿನ ಲಂಟಾನದ ಮೇಲೆ ವರ್ಷಗಟ್ಟಲೆ ಯುದ್ಧ ಮಾಡಿದ ಮನುಷ್ಯ ಅವರು. ಬಂದ ಮರುದಿನ ನಾವು ಆಫೀಸಿಗೆ, ತನ್ವಿ ಶಾಲೆಗೆ ಹೋದೆವು. ಸಂಜೆ ಬಂದು ನೋಡಿದರೆ ಕುಂಡದಲ್ಲಿ ಗೇಣುದ್ದದ ಮೋಟುಗಳಷ್ಟೇ ಇದ್ದವು. ಮಾವ ಪಕ್ಕದಲ್ಲೇ ಕೂತು ತೃಪ್ತಿಯಿಂದ ಕಾಫಿ ಕುಡಿಯುತ್ತಿದ್ದರು.

“ಅಳಿಯಂದ್ರೇ, ಕೆಲಸದ ಗಡಿಬಿಡೀಲಿ ನೀವು ನೋಡಿಲ್ಲ ಅನ್ಸುತ್ತೆ. ಒಳ್ಳೇ ಕುಂಡದಲ್ಲಿ ಲಂಟಾನ ಹುಟ್ಕೊಂಡಿತ್ತು! ದರಿದ್ರದ್ದು, ಈ ದೇಶಕ್ಕೂ ಬಂದ್ಬಿಟ್ಟಿದೆ. ಕತ್ತರಿಸಿ ಹಾಕ್ದೆ. ಬೇರು ಕೀಳೋಕೆ ಗುದ್ದಲಿ ಸಿಗ್ಲಿಲ್ಲ, ನಾಳೆ ನೋಡ್ತೀನಿ.”

ಮಾವನಿಗೆ ಎದುರಾಡುವ ಪದ್ಧತಿ ನಮ್ಮ ಮನೆಗಳಲ್ಲಿ ಇಲ್ಲ. ಅದರಲ್ಲೂ ಕಡಲು ದಾಟಿ ಬಂದು ಇನ್ನೂ ಸೂಟ್‌ಕೇಸು ಬಿಚ್ಚದ ಮಾವನಿಗೆ. ಬಾಯಿಗೆ ಬಂದದ್ದನ್ನು ನುಂಗಿಕೊಂಡು, “ಒಳ್ಳೇದೇ ಆಯ್ತು ಬಿಡಿ ಮಾವ. ಬೇರು ನಾನೇ ತೆಗೀತೀನಿ, ನಿಮ್ಮ ಸೊಂಟಕ್ಕೆ ಯಾಕೆ ತೊಂದರೆ” ಎಂದೆ. ಶುಭಾ ಅಡುಗೆಮನೆಗೆ ಓಡಿ, ಫ್ರಿಜ್ಜಿನೊಳಗೆ ತಲೆ ಹಾಕಿ ನಗುತ್ತಿದ್ದಳು. ತನ್ವಿ ಮೋಟುಗಳನ್ನು ನೋಡಿದಳು, ನನ್ನನ್ನು ನೋಡಿದಳು, ಶಾಲೆಯ ಬ್ಯಾಗು ಎತ್ತಿಕೊಂಡು ಒಳಗೆ ಹೋದಳು. ಅತ್ತಿದ್ದರೂ ವಾಸಿಯಿತ್ತು. ನನಗೆ ನಿಜವಾಗಿಯೂ ಸಂಕಟವಾಯಿತು. ಕುಂಡವನ್ನು ಶೆಡ್ಡಿನ ಹಿಂದೆ ಬಚ್ಚಿಟ್ಟು, ಕದ್ದು ನೀರು ಹಾಕತೊಡಗಿದೆ.

ಆದರೆ ಲಂಟಾನ ಅಂದರೆ ಲಂಟಾನವೇ. ನನ್ನ ಮುದ್ದಿಗೆ ಸೊರಗುತ್ತಿದ್ದ ಗಿಡ ಮಾವನ ಕತ್ತರಿ ತಗುಲಿದ ಮೇಲೆ ತನ್ನ ಹಳೆಯ ಸ್ವಭಾವ ನೆನಪಿಸಿಕೊಂಡಿತು. ಮೋಟಿನ ಸುತ್ತ ಚಿಗುರು ಒಡೆಯಿತು, ಪೊದೆಯಾಯಿತು, ಆಗಸ್ಟಿನಲ್ಲಿ ಹಳದಿ, ಕಿತ್ತಳೆ, ಗುಲಾಬಿ ಗೊಂಚಲುಗಳು ಶೆಡ್ಡಿನ ಹಿಂದಿನಿಂದ ಇಣುಕಿದವು. ಇದನ್ನು ಮೊದಲು ಕಂಡವರು ಮೌರೀನ್. ಇಷ್ಟು ಚೆನ್ನಾಗಿ ಗಿಡ ಸವರಿದ ಕೈ ಯಾರದು ಎಂದು ಬೇಲಿಯಾಚೆಯಿಂದ ಅವರು ಮಾವನನ್ನು ಕೇಳಿದರು. ಮಾವ ಒಂದು ಕ್ಷಣ ಕುಂಡವನ್ನೂ ಇನ್ನೊಂದು ಕ್ಷಣ ನನ್ನನ್ನೂ ನೋಡಿದರು. “ಮೈಸೆಲ್ಫ್ ಓನ್ಲಿ, ಮೇಡಂ” ಎಂದರು. ಅಂದಿನಿಂದ ಕುಂಡ ಅಂಗಳದ ನಡುವೆ ಬಂತು, ಅದರ ಪಕ್ಕದಲ್ಲಿ ಮಾವನ ಕುರ್ಚಿಯೂ ಬಂತು. ಚಿಟ್ಟೆಗಳು ಬಂದರೆ ಅವರು ನನ್ನ ಕಡೆಗೆ ನೋಡಿ, ಇದೆಲ್ಲ ತಮ್ಮದೇ ಏರ್ಪಾಡು ಎಂಬಂತೆ ತಲೆಯಾಡಿಸುತ್ತಿದ್ದರು.

ಒಂದು ಶನಿವಾರ ಮಧ್ಯಾಹ್ನ ಬಿಸಿಲು ಚುರುಕಾಗಿತ್ತು. ಹೂಗಳ ಮುಂದೆ ಏನೋ ಗುಂಯ್‌ಗುಟ್ಟಿತು. ಹೆಬ್ಬೆರಳ ಗಾತ್ರದ ಕಂದು ಜೀವ. ರೆಕ್ಕೆ ಕಾಣದಷ್ಟು ವೇಗದಲ್ಲಿ ಬಡಿಯುತ್ತ, ಗಾಳಿಯಲ್ಲೇ ನಿಂತು, ಉದ್ದನೆಯ ಕೊಕ್ಕನ್ನು ಹೂವಿನೊಳಗೆ ಚಾಚಿತ್ತು. ಮೌರೀನ್ ಹೇಳಿದ್ದೆಲ್ಲ ಮರೆತು, ಅನ್ನದ ತಟ್ಟೆ ಹಿಡಿದೇ ಅಂಗಳಕ್ಕೆ ಹಾರಿದೆ. “ಬಂತು! ತನ್ವೀ, ಹಮ್ಮಿಂಗ್‌ಬರ್ಡ್ ಬಂತು!” ಮಾವ ಎದ್ದು ನಿಂತರು. “ಮೈಸೂರಿಗೆ ಈಗಲೇ ಫೋನ್ ಮಾಡ್ಬೇಕು!”

ತನ್ವಿ ಹತ್ತಿರ ಬಂದು, ಚೆನ್ನಾಗಿ ನೋಡಿ, ನನ್ನ ಅಂಗಿ ಜಗ್ಗಿ ಬಗ್ಗಿಸಿಕೊಂಡಳು. ಅದು ಹಕ್ಕಿಯಲ್ಲವಂತೆ, ಪತಂಗವಂತೆ. ಹಮ್ಮಿಂಗ್‌ಬರ್ಡ್‌ನ ಹಾಗೇ ಹಾರುತ್ತ ಸಮುದ್ರ ದಾಟಿ ಬರುತ್ತದಂತೆ. ಮೀಸೆ ಇದೆ ನೋಡು ಎಂದು ಇಂಗ್ಲಿಷಿನಲ್ಲಿ ಪಿಸುಗುಟ್ಟಿದಳು. ಇಂಗ್ಲೆಂಡಿನಲ್ಲಿ ಹಮ್ಮಿಂಗ್‌ಬರ್ಡ್ ಇಲ್ಲವೆಂದು ಅವಳ ಮಿಸ್ ಯಾವಾಗಲೋ ಹೇಳಿದ್ದರಂತೆ.

“ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?”

“ಯು ವರ್ ಸೋ ಹ್ಯಾಪಿ, ಅಪ್ಪಾ.” ಆಮೇಲೆ ಫೋನಿನ ಕಡೆ ಧಾವಿಸುತ್ತಿದ್ದ ತಾತನನ್ನು ನೋಡಿ, ಎಂದೂ ಕನ್ನಡದಲ್ಲಿ ಉತ್ತರ ಕೊಡದವಳು ಕನ್ನಡದಲ್ಲೇ, “ತಾತಂಗೆ ಹೇಳ್ಬೇಡ” ಎಂದಳು.

ಮಾವನ ಮನಸ್ಸು ನೋಯದಂತೆ ನಡೆದುಕೊಂಡ ಜಾಣ ನಾನು ಎಂದು ಇಷ್ಟು ದಿನ ಬೀಗುತ್ತಿದ್ದೆ. ಮನೆಯಲ್ಲಿ ಇನ್ನೊಬ್ಬರು ನನ್ನನ್ನೂ ಹಾಗೆಯೇ ಸಂಭಾಳಿಸುತ್ತಿದ್ದದ್ದು ಗೊತ್ತೇ ಆಗಿರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು.

ಈಗ ಚಳಿಗಾಲ. ಮಾವ ಊರಿಗೆ ಮರಳಿದ್ದಾರೆ, ಲಂಟಾನ ಬಚ್ಚಲುಮನೆಯ ರೇಡಿಯೇಟರ್ ಪಕ್ಕದಲ್ಲಿ ಬೆಚ್ಚಗಿದೆ, ನಾವು ಒಬ್ಬೊಬ್ಬರಾಗಿ ಅದನ್ನು ದಾಟಿ ಸ್ನಾನ ಮಾಡುತ್ತೇವೆ. ಮೊನ್ನೆ ಮಾವ ಫೋನ್ ಮಾಡಿದ್ದರು. “ಸೈಟಿನ ಮೂಲೇಲಿ ಒಂದು ಲಂಟಾನ ಕಡೀದೆ ಬಿಟ್ಟಿದ್ದೀನಿ ಅಳಿಯಂದ್ರೇ. ಇಲ್ಲೂ ಹಮ್ಮಿಂಗ್‌ಬರ್ಡ್ ಬರಬಹುದಾ?”

“ಬರದೇ ಏನು ಮಾವ” ಎಂದೆ. ಹೋಮ್‌ವರ್ಕ್ ಮಾಡುತ್ತಿದ್ದ ತನ್ವಿ ತಲೆಯೆತ್ತಿ ನೋಡಿದಳು. ಪ್ರಾಮಿಸ್ ಎಂಬುದನ್ನು ಮಾತ್ರ ಈ ಸಲ ಬಾಯೊಳಗೇ ಇಟ್ಟುಕೊಂಡೆ.