ಹಳೇ ಕಂಪ್ಯೂಟರಿಗೊಬ್ಬ ಒಳ್ಳೆಯ ಬಾಡಿಗೆದಾರ

ನಿಮ್ಮ ಚಿಕ್ಕ ತಾತನನ್ನು ಕಂಡರೆ ಬಸವೇಶ್ವರನಗರದ ಗುಜರಿಯವರಿಗೆಲ್ಲ ಭಯ! ಬೀದಿಯ ಪ್ರತಿ ಮನೆಯ ಮುಂದೆಯೂ ನಿಂತು ‘ಹಳೇ ಪೇಪರ್, ಹಳೇ ಕಬ್ಣಾ’ ಎಂದು ಕೂಗುವ ಗಾಡಿಯವನು ನಮ್ಮ ಗೇಟಿನ ಹತ್ತಿರ ಬಂದೊಡನೆ ಬಾಯಿ ಮುಚ್ಚಿಕೊಂಡು ಸರಸರನೆ ದಾಟಿಬಿಡುತ್ತಾನೆ. ಯಾಕೆ ಗೊತ್ತೇ? ಒಮ್ಮೆ ಅವನು ಕೂಗಿದ್ದು ಕೇಳಿ ಚಿಕ್ಕ ತಾತ ಹೊರಗೆ ಹೋದರು. ನಮ್ಮದೇನನ್ನಾದರೂ ಕೊಡುವುದು ಹಾಗಿರಲಿ, ಅವನ ಗಾಡಿಯಲ್ಲಿದ್ದ ಮುರುಕಲು ಟೇಬಲ್ ಫ್ಯಾನನ್ನೇ ಒಳಗೆ ಹೊತ್ತು ತಂದರು. ಆ ಫ್ಯಾನು ಈಗಲೂ ತಿರುಗುತ್ತದೆ. ಗಾಳಿ ಮಾತ್ರ ಹಿಂದಕ್ಕೆ ಬರುತ್ತದೆ, ಅಷ್ಟೆ.

ಅವರ ಹೆಸರು ಬರೆಯುವುದಿಲ್ಲ, ಬರೆದರೆ ಮುನಿಸಿಕೊಳ್ಳುತ್ತಾರೆ. ನಾನು ಸೊಸೆಯಾಗಿ ಬಂದಾಗ ಈ ಮೈದುನ ಚಡ್ಡಿ ಹಾಕುತ್ತಿದ್ದ ಹುಡುಗ. ಬೆಳೆದು ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸಕ್ಕೆ ಸೇರಿದರು. ಸವೆದ ಹಳೆಯ ಸಾಮಾನನ್ನು ತಂದು ಒಪ್ಪಿಸದೆ ಯಾರಿಗೂ ಹೊಸದು ಕೊಡುವಂತಿಲ್ಲ ಎನ್ನುವುದು ಆ ಸ್ಟೋರಿನ ನಿಯಮ. ಚಿಕ್ಕ ತಾತ ನಿವೃತ್ತರಾದರು, ನಿಯಮ ನಿವೃತ್ತವಾಗಲಿಲ್ಲ! ಮನೆಗೊಂದು ಹೊಸ ಪೊರಕೆ ಬೇಕೆಂದರೆ ಹಳೆಯ ಪೊರಕೆಯನ್ನು ಅವರ ಮುಂದೆ ಹಾಜರುಪಡಿಸಬೇಕು. ಅದನ್ನು ಎತ್ತಿ, ತಿರುಗಿಸಿ, ನೆಲಕ್ಕೆ ಎರಡು ಸಲ ತಟ್ಟಿ, “ಇನ್ನೂ ಯುಗಾದಿ ತನಕ ಬರುತ್ತೆ” ಎಂದು ಹಿಂದಕ್ಕೆ ಕೊಡುತ್ತಾರೆ. ನೀವು ರಜೆಗೆ ಬಂದು ಪೆನ್ಸಿಲ್ ಕೇಳಿದಾಗ “ಮೊಂಡು ತುಂಡು ಎಲ್ಲಿ?” ಎಂದಿರಲಿಲ್ಲವೇ? ಕಳೆದುಹೋಯಿತೆಂದು ನೀವು ಅತ್ತಿರಿ. ಅವರು ಗದರಲಿಲ್ಲ. ಮಧ್ಯಾಹ್ನವಿಡೀ ಮಂಚದ ಕೆಳಗೆ ಹೊಟ್ಟೆಯ ಮೇಲೆ ಮಲಗಿ ಹುಡುಕಿದರು. ಅಲ್ಲೇ ನಿದ್ದೆಯನ್ನೂ ಮಾಡಿದರು.

ಇಂಥವರ ಕೈಯಲ್ಲಿ ಮನೆಗೆ ಕಂಪ್ಯೂಟರ್ ಬಂತು. ಹೊಸದು ಬಂದೀತೇ?

ಆಗ ನಿಮ್ಮಪ್ಪನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ನೀವೆಲ್ಲ ಗುವಾಹಟಿಗೆ ಹೊರಟುಹೋಗಿದ್ದಿರಿ. ನಿಮ್ಮ ತಾತ ತೀರಿಕೊಂಡು ವರ್ಷವೂ ತುಂಬಿರಲಿಲ್ಲ. ಫೋನಿನಲ್ಲಿ ದನಿ ಕೇಳುತ್ತದೆ, ಮುಖ ಕಾಣಬೇಕಲ್ಲ? “ಮೇಲ್‌ನಲ್ಲಿ ಫೋಟೋ ಕಳಿಸ್ತೀನಿ, ಸೈಬರ್ ಸೆಂಟರಿಗೆ ಹೋಗಿ ನೋಡಮ್ಮ” ಎಂದಳು ನಿಮ್ಮಮ್ಮ. ಒಂದು ದಿನ ಧೈರ್ಯ ಮಾಡಿ ಹೋದೆ. ಕಾಲೇಜು ಹುಡುಗರೆಲ್ಲ ತಿರುಗಿ ನೋಡಿದರು. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದವನು “ಆಂಟಿ, ಐಡಿ ಪ್ರೂಫ್ ಕೊಡಿ, ಮೂರನೇ ಕ್ಯಾಬಿನ್‌ಗೆ ಹೋಗಿ” ಎಂದ. ಕ್ಯಾಬಿನ್ನಿಗೆ ಪರದೆ ಬೇರೆ ಇತ್ತು! ನಾನು ಹಳ್ಳಿಯ ಶಾಲೆಯಲ್ಲಿ ನಾಲ್ಕಕ್ಷರ ಕಲಿತವಳು. ಹೊಸಬರ ಮುಂದೆ ನನಗೆ ನಾಲಿಗೆಯೇ ಏಳುವುದಿಲ್ಲ. ‘ಚಿಲ್ಲರೆ ಮರೆತು ಬಂದೆ’ ಎಂದು ಏನೋ ತೊದಲಿ ಮನೆಗೆ ಓಡಿಬಂದೆ. ಅಳುವನ್ನು ಈರುಳ್ಳಿಯ ಮೇಲೆ ಹಾಕಿದೆ.

ಚಿಕ್ಕ ತಾತ ಅದನ್ನು ನೋಡಿದರು. ಆ ವಾರವೇ ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್ ಒಂದರ ಆಫೀಸಿನಲ್ಲಿ ಬೇಡವೆಂದು ಮೂಲೆಗೆ ಹಾಕಿದ್ದ ಕಂಪ್ಯೂಟರನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ಬಣ್ಣ ಹಳದಿಗೆ ತಿರುಗಿತ್ತು, ಒಳಗೆ ನೂಲಿನ ಎಳೆಗಳಿದ್ದವು. ಅಡುಗೆಮನೆಯ ಬಾಗಿಲ ಪಕ್ಕ ಅದನ್ನಿಟ್ಟು ನನ್ನನ್ನು ಕೂರಿಸಿದರು.

“ಅತ್ತಿಗೆ, ನಿಮ್ಮ ಒಗ್ಗರಣೆ ಡಬ್ಬೀಲಿ ಸಾಸಿವೆ ಎಲ್ಲಿದೆ?”

“ನಡುವಿನ ಬಟ್ಟಲಲ್ಲಿ.”

“ಕಣ್ಣು ಮುಚ್ಕೊಂಡು ತೆಗೀತೀರಾ?”

“ನಲವತ್ತು ವರ್ಷದಿಂದ ತೆಗೀತಾ ಇಲ್ವೇನಪ್ಪ!”

“ಇದೂ ಅದೇ. ಮಧ್ಯದಲ್ಲಿರೋ ನೀಲಿ ಅಕ್ಷರ ಸಾಸಿವೆ, ಅದನ್ನ ಎರಡು ಸಲ ಒತ್ತಿದ್ರೆ ಮೇಲ್. ಪಕ್ಕದ್ದು ಜೀರಿಗೆ, ಅಲ್ಲಿ ಫೋಟೋ ಇರುತ್ತೆ. ಮೆಂತ್ಯ ಮಾತ್ರ ಮುಟ್ಬೇಡಿ, ಅದು ಕಸದ ಬುಟ್ಟಿ.”

ಹೀಗೆ ಕಲಿತೆ ಮಕ್ಕಳೇ. ಅಕ್ಷರ ಓದಿ ಕಲಿಯಲಿಲ್ಲ, ಜಾಗ ನೋಡಿ ಕಲಿತೆ. ಆ ಯಂತ್ರ ಏಳುವುದು ನಿಧಾನ. ಸ್ವಿಚ್ ಒತ್ತಿ ಅಡುಗೆಮನೆಗೆ ಹೋಗಿ ಒಗ್ಗರಣೆಗೆ ಎಣ್ಣೆ ಇಟ್ಟು, ಸಾಸಿವೆ ಸಿಡಿದು, ಕರಿಬೇವು ಹಾಕಿ, ಸಾರಿನ ಮೇಲೆ ಸುರಿದು, ಕೈ ಒರೆಸಿಕೊಂಡು ಬಂದರೆ ಆಗ ತಾನೇ ಚಿತ್ರಗಳು ಒಂದೊಂದಾಗಿ ಮೂಡುತ್ತಿರುತ್ತಿದ್ದವು. ನಿಮ್ಮ ಮುಖ ನೋಡಿದ ಮೇಲೆಯೇ ನನ್ನ ಊಟ.

ಆಯುಧಪೂಜೆಗೆ ಚಿಕ್ಕ ತಾತ ಅದಕ್ಕೂ ಕುಂಕುಮ ಇಟ್ಟರು. ಇಡುವುದಾದರೆ ಎಲ್ಲಾದರೂ ಅಂಚಿಗೆ ಇಡಬಾರದೇ? ಗಾಜಿನ ಮೇಲೆಯೇ ನಟ್ಟನಡುವೆ ಎಣ್ಣೆಯಲ್ಲಿ ಕಲಸಿ ಒತ್ತಿಬಿಟ್ಟರು. ಎಷ್ಟು ಉಜ್ಜಿದರೂ ಅದರ ಕೆಂಪು ಪೂರ್ತಿ ಹೋಗಲಿಲ್ಲ. ಅಂದಿನಿಂದ ಫೋಟೋದಲ್ಲಿ ಯಾರು ಬಂದರೂ ಹಣೆಗೆ ಕುಂಕುಮ! ನಿಮ್ಮಪ್ಪನಿಗೂ ಕುಂಕುಮ, ನಿಮ್ಮಪ್ಪನ ಬ್ಯಾಂಕಿನ ಮ್ಯಾನೇಜರಿಗೂ ಕುಂಕುಮ, ಕಾಜಿರಂಗದ ಘೇಂಡಾಮೃಗಕ್ಕೂ ಕುಂಕುಮ!

ಕೆಲವು ವರ್ಷ ಸುಖವಾಗಿತ್ತು. ಆಮೇಲೆ ಮೇಲ್ ತೆರೆದರೆ ಅದರ ತಲೆಯ ಮೇಲೊಂದು ಹಳದಿ ಪಟ್ಟಿ ಬರತೊಡಗಿತು. ಚಿಕ್ಕ ತಾತ ಓದಿ ಹೇಳಿದರು: ನಿಮ್ಮ ಬ್ರೌಸರ್ ಹಳೆಯದು, ಅದು ಕ್ಷೇಮವಲ್ಲ, ಹೊಸದು ಹಾಕಿಕೊಳ್ಳಿ. ಬ್ರೌಸರ್ ಎಂದರೆ ಇಂಟರ್ನೆಟ್ಟಿಗೆ ಹೋಗುವ ಬಾಗಿಲು, ನನ್ನ ಆ ಸಾಸಿವೆ ಬಟ್ಟಲು. ನಾವು ಲೆಕ್ಕಿಸಲಿಲ್ಲ. ಒಂದು ಸಂಜೆ ಚಿಕ್ಕ ತಾತ ಪಂಚಾಂಗ ನೋಡಲು ಕೂತಿದ್ದರು. ಇದ್ದಕ್ಕಿದ್ದಂತೆ ಪರದೆಯ ತುಂಬ ಬಟ್ಟೆಗೆ ಬಹಳ ಬರ ಬಂದಿದ್ದ ಹೆಣ್ಣುಮಗಳೊಬ್ಬಳು ಕಾಣಿಸಿಕೊಂಡಳು! ಮುಚ್ಚಿದರೆ ಇನ್ನೊಬ್ಬಳು! ಆ ಹೊತ್ತಿಗೇ ನಿಮ್ಮ ಚಿಕ್ಕಜ್ಜಿ ಕಾಫಿ ತಂದರು. ಚಿಕ್ಕ ತಾತ ಕಂಪ್ಯೂಟರಿನ ಹೊದಿಕೆಯನ್ನು ಎಳೆದು ಅದರ ಮೇಲೆ ಹಾಕಿ, ತಾವೂ ಅದರ ಮೇಲೆ ಬಿದ್ದರು.

“ಪಂಚಾಂಗದಲ್ಲಿ ಇದ್ಯಾವ ನಕ್ಷತ್ರ ರೀ?” ಎಂದರು ಚಿಕ್ಕಜ್ಜಿ.

“ವೈರಸ್ ಕಣೇ, ವೈರಸ್!”

“ಹೌದೌದು, ಅರವತ್ತು ದಾಟಿದ ಗಂಡಸರಿಗೆ ತಗಲೋ ವೈರಸ್ಸು!”

ಮರುದಿನ ಯಂತ್ರದ ಪೆಟ್ಟಿಗೆಯನ್ನು ರಾಜಾಜಿನಗರದ ರಿಪೇರಿ ಅಂಗಡಿಗೆ ಒಯ್ದರು. ಹಿಡಿದುಕೊಳ್ಳಲೆಂದು ನನ್ನನ್ನೂ ಕರೆದೊಯ್ದರು. ಅಂಗಡಿಯವನು ಮುಚ್ಚಳ ತೆಗೆದು ನಕ್ಕ.

“ಅಂಕಲ್, ಇದ್ರಲ್ಲಿರೋ ವಿಂಡೋಸೇ ತೊಂಬತ್ತೆಂಟನೇ ಇಸ್ವೀದು. ಮಾಡಿದೋರೇ ಇದನ್ನ ಕೈ ಬಿಟ್ಟಿದಾರೆ. ಹೊಸ ಬ್ರೌಸರ್ ಯಾವ್ದೂ ಇದ್ರಲ್ಲಿ ಕೂರಲ್ಲ. ಗುಜರಿಗೆ ಹಾಕಿ, ಹೊಸ ಸೆಟ್ ತಗೊಳ್ಳಿ.”

ಅಂಗಡಿಯವನಿಗೆ ಏನು ಗೊತ್ತು, ಯಾರ ಮುಂದೆ ಯಾವ ಮಾತು ಆಡಿದೆನೆಂದು! ಚಿಕ್ಕ ತಾತನ ಕಿವಿ ಕೆಂಪಾಯಿತು. “ಮಾಡಿದೋರು ಕೈ ಬಿಟ್ರೆ ಸಾಕಿದೋರೂ ಬಿಡ್ಬೇಕೇನಪ್ಪ?” ಎಂದು ಪೆಟ್ಟಿಗೆಯನ್ನು ಮಗುವಿನಂತೆ ಎತ್ತಿಕೊಂಡು ಹೊರಟರು. ಅಂಗಡಿಯವನು ಒರೆಸಿಟ್ಟ ಧೂಳನ್ನು ಮಾತ್ರ ಅಲ್ಲೇ ಬಿಟ್ಟುಬಂದರು. ಅದೇ ದೊಡ್ಡದು.

ಅಂಗಡಿಯವನು ತೋರಿಸಿದ ಹೊಸ ಸೆಟ್ಟಿನ ಚಿತ್ರಗಳು ದಾರಿಯುದ್ದಕ್ಕೂ ನನ್ನ ಕಣ್ಣಿಗೆ ಕಟ್ಟಿದ್ದವು. ಏನೇನೋ ಬಣ್ಣ, ಯಾವುದೂ ಅದರ ಜಾಗದಲ್ಲಿಲ್ಲ. ಬಾಯಿಂದ ಬಂದುಬಿಟ್ಟಿತು: “ಇದು ಹೋದ್ರೆ ನಾನು ಇನ್ನೊಂದು ಮುಟ್ಟಲ್ಲ ಕಣಪ್ಪ. ಮತ್ತೆ ಕಲಿಯೋ ಧೈರ್ಯ ನಂಗಿಲ್ಲ.”

ಚಿಕ್ಕ ತಾತ ಪೆಟ್ಟಿಗೆಯನ್ನು ಒಂದು ತೋಳಿಂದ ಇನ್ನೊಂದು ತೋಳಿಗೆ ಬದಲಾಯಿಸಿದರು.

ಅಂದಿನಿಂದ ಶುರುವಾಯಿತು ನೋಡಿ, ಬ್ರೌಸರ್ ಬೇಟೆ! ಹಳೆಯ ಯಂತ್ರದಲ್ಲಿ ಕೂರಬೇಕು, ಕಳ್ಳರನ್ನೂ ಆ ಬರಗೆಟ್ಟ ಹೆಣ್ಣುಮಕ್ಕಳನ್ನೂ ಒಳಗೆ ಬಿಡಬಾರದು, ನನಗೆ ಮೇಲ್ ತೋರಿಸಬೇಕು. ನಮ್ಮ ಹಿತ್ತಲ ಔಟ್‌ಹೌಸಿಗೆ ಬಾಡಿಗೆದಾರರನ್ನು ಆರಿಸುವುದರಲ್ಲಿ ಚಿಕ್ಕ ತಾತನನ್ನು ಮೀರಿಸಿದವರಿಲ್ಲ. ಬಂದವರ ಸಂಬಳ, ಊರು ಯಾವುದನ್ನೂ ಕೇಳುವುದಿಲ್ಲ. ಮೂರೇ ವಿಷಯ ನೋಡುತ್ತಾರೆ: ನೀರು ಎಷ್ಟು ಚೆಲ್ಲುತ್ತಾರೆ, ಗೇಟು ಹಾಕಿಕೊಂಡು ಹೋಗುತ್ತಾರೋ ಇಲ್ಲವೋ, ಯಾರ್ಯಾರನ್ನು ಕರೆದುಕೊಂಡು ಬರುತ್ತಾರೆ. ಬ್ರೌಸರಿಗೂ ಅದೇ ಪರೀಕ್ಷೆ! ನೀರಿನ ಬದಲು ಮೆಮೊರಿ, ಅಷ್ಟೆ.

ಮೊದಲು ಕೆಂಪು ಬಳೆಯಂಥ ಗುರುತಿನದೊಂದು ಬಂತು. ನೀರು ಚೆಲ್ಲದ ಅಚ್ಚುಕಟ್ಟಿನ ಪ್ರಾಣಿ. ಆದರೆ ನಿಮ್ಮಮ್ಮನ ಮೇಲ್ ತೆರೆದರೆ ಸಾಲಿನ ಮೇಲೆ ಸಾಲು ಹತ್ತಿ ಕೂತಿತ್ತು, ಸಂಜೆಯ ಮಾಗಡಿ ರಸ್ತೆಯ ಬಸ್ಸಿನಂತೆ. “ಮನುಷ್ಯ ಒಳ್ಳೆಯವ್ನು, ಮಾತು ತೊದಲು” ಎಂದು ಚಿಕ್ಕ ತಾತ ಅದನ್ನು ಖಾಲಿ ಮಾಡಿಸಿದರು.

ಆಮೇಲೆ ಭೂಮಿಯನ್ನು ಅಪ್ಪಿಕೊಂಡ ನರಿ. ಮೇಲ್ ಕೂಡ ಕಂಡಿತು, ಫೋಟೋವೂ ಕಂಡಿತು. ಆದರೆ ಆ ನರಿಯ ಹೊಟ್ಟೆ ಎಂಥದ್ದಪ್ಪ! ಅದು ಎದ್ದರೆ ಮಿಕ್ಕಿದ್ದೆಲ್ಲ ಮಲಗುತ್ತಿತ್ತು. ಯಂತ್ರ ಗೊರ್ ಗೊರ್ ಎಂದು ಏದುಸಿರು ಬಿಡುತ್ತಿತ್ತು. ಹೇಗೋ ಸಹಿಸಿಕೊಂಡೆವು. ಕೊನೆಗೆ ನರಿಯ ಕಡೆಯವರೇ ‘ಇಷ್ಟು ಹಳೆಯ ಮನೆಗೆ ನಮ್ಮ ಹೊಸ ನರಿಯನ್ನು ಕಳಿಸುವುದಿಲ್ಲ’ ಎಂದು ತಿಳಿಸಿಬಿಟ್ಟರು. ಬಾಡಿಗೆದಾರನೇ ಮನೆಯನ್ನು ಬೇಡವೆಂದದ್ದು ಚಿಕ್ಕ ತಾತನ ಆಯುಷ್ಯದಲ್ಲಿ ಅದೇ ಮೊದಲು! ಎರಡು ಹೊತ್ತು ಸರಿಯಾಗಿ ಉಣ್ಣಲಿಲ್ಲ.

ಮೂರನೆಯದು ಸಿಕ್ಕಿದ ದಿನ ಮಹಡಿಯಿಂದಲೇ ಕೂಗುತ್ತ ಇಳಿದರು. ತೀರ ಚಿಕ್ಕದಂತೆ, ಮಿತಾಹಾರಿಯಂತೆ, ಹಳೆಯ ವಿಂಡೋಸಿಗೆ ಹೇಳಿ ಮಾಡಿಸಿದ್ದಂತೆ. ನೋಡಿದರೆ ಅದರ ಗುರುತು ಒಂದು ಗೋಸುಂಬೆ!

“ಬಣ್ಣ ಬದಲಾಯ್ಸೋ ಪ್ರಾಣೀನ ಮನೆ ಕಾವಲಿಗೆ ಇಡ್ತೀರಾ? ನಿಮ್ಮ ಬುದ್ಧಿಗಿಷ್ಟು!” ಎಂದರು ಚಿಕ್ಕಜ್ಜಿ.

ನನ್ನ ಕಷ್ಟ ಬೇರೆ. ಹಲ್ಲಿ ಮೈಮೇಲೆ ಬಿದ್ದರೆ ತಲೆಗೆ ನೀರು ಹಾಕಿಕೊಳ್ಳುವ ಮನೆಯಲ್ಲಿ ಬೆಳೆದವಳು ನಾನು. ಇದೋ ಹಲ್ಲಿಯ ದೊಡ್ಡಪ್ಪ. ಊಟಕ್ಕೆ ಮೊದಲು ದಿನವೂ ಇದರ ನೆತ್ತಿಗೆ ಎರಡು ಸಲ ಒತ್ತಬೇಕೇ? ಮಾನಸಿಕವಾಗಿ ಎಷ್ಟು ಸ್ನಾನ ಮಾಡುವುದು? ಬಾಯಿಬಿಟ್ಟು ಹೇಳಲು ನಾಚಿಕೆ. ತೋರುಬೆರಳು ಮಡಚಿಕೊಂಡು ಕೂತಿದ್ದೆ. ಚಿಕ್ಕ ತಾತ ನನ್ನ ಬೆರಳನ್ನು ನೋಡಿದರು. ಮಾರನೆಯ ಬೆಳಿಗ್ಗೆ ಗೋಸುಂಬೆ ಮಾಯ! ನಡುವಿನ ಜಾಗದಲ್ಲಿ ನನ್ನ ಅದೇ ಹಳೆಯ ನೀಲಿ ಅಕ್ಷರ.

“ಒಳಗಿರೋದು ಅದೇ ಗೋಸುಂಬೆ ಅತ್ತಿಗೆ. ಮೇಲೆ ನಿಮ್ಮ ಅಕ್ಷರದ ವೇಷ ಹಾಕಿದೀನಿ. ಗೋಸುಂಬೆಗೆ ಬಣ್ಣ ಬದಲಾಯ್ಸೋದೇನು ಕಷ್ಟನಾ?”

ಗೋಸುಂಬೆ ನಮ್ಮಲ್ಲಿ ಬಹಳ ಕಾಲ ಮರ್ಯಾದೆಯಿಂದ ಬಾಳಿತು. ಆ ಹೆಣ್ಣುಮಕ್ಕಳೂ ಮತ್ತೆ ಸುಳಿಯಲಿಲ್ಲ. ನಂಟರೆಲ್ಲ ನಗುತ್ತಿದ್ದರು. “ಜಿಪುಣ, ಹಳೇ ಡಬ್ಬ ಹಿಡ್ಕೊಂಡು ಒದ್ದಾಡ್ತಾನೆ” ಎಂದು ಮದುವೆಮನೆಯ ಪಂಕ್ತಿಯಲ್ಲೇ ಆಡಿಕೊಳ್ಳುತ್ತಿದ್ದರು. ಚಿಕ್ಕ ತಾತ ಎಲೆಯಲ್ಲಿದ್ದ ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿಸಿಕೊಳ್ಳುತ್ತಿದ್ದರು.

ಹೋದ ವರ್ಷ ನಿಮ್ಮ ಪುಟ್ಟ ತಂಗಿ ಹುಟ್ಟಿದಳಲ್ಲ, ಆಗ ಗೋಸುಂಬೆಯೂ ಸೋತಿತು. ಮೇಲ್ ಬಂದಿದೆ, ಮಗುವಿನ ಫೋಟೋ ಇದೆ ಎಂದು ನಿಮ್ಮಮ್ಮ ಫೋನು ಮಾಡಿದಳು. ಒತ್ತಿದರೆ ಬಿಳಿಯ ಹಾಳೆ. ಮೇಲ್ ಕಂಪನಿಯವರು ಬಾಗಿಲನ್ನೇ ಬದಲಾಯಿಸಿದ್ದರು, ಹಳೆಯವರಿಗೆ ಪ್ರವೇಶವಿಲ್ಲ. ಖಾಲಿ ಪರದೆಯ ನಡುವೆ ಆ ಕುಂಕುಮ ಮಾತ್ರ ಇತ್ತು, ಹಣೆಯಿಲ್ಲದ ಕುಂಕುಮ. ನಾನು ಎಷ್ಟೋ ಹೊತ್ತು ಅದನ್ನೇ ನೋಡುತ್ತ ಕೂತೆ.

“ಬಿಡಪ್ಪ, ಫೋಟೋ ತೊಳೆಸಿ ಪೋಸ್ಟಲ್ಲಿ ಕಳಿಸ್ತಾರೆ” ಎಂದೆ.

“ಎರಡು ದಿನ ಟೈಮ್ ಕೊಡಿ ಅತ್ತಿಗೆ. ಯಾವನಾದ್ರೂ ಒಬ್ಬ ಬಾಡಿಗೆದಾರ ಸಿಕ್ಕೇ ಸಿಕ್ತಾನೆ.”

ಆ ವಾರದ ಕೊನೆಗೆ ನಾನು ಚಿಕ್ಕಜ್ಜಿಯ ಜೊತೆ ಕೆಂಗೇರಿಯಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಿ ಸಂಜೆ ಬಂದೆ. ಚಿಕ್ಕ ತಾತ ಬಾಗಿಲಲ್ಲೇ ನಿಂತಿದ್ದರು. “ಸಿಕ್ತು! ಹಳೇ ಮಶೀನಿಗೇ ಕೂರೋ ಹೊಸ ಬ್ರೌಸರ್ರು! ಎಲ್ಲಿದಾನೆ ಆ ರಾಜಾಜಿನಗರದೋನು, ಕರೀರಿ!” ನೀಲಿ ಅಕ್ಷರ ಅದರ ಜಾಗದಲ್ಲೇ ಇತ್ತು. ಒತ್ತಿದೆ. ನಿಮ್ಮ ತಂಗಿ ಕಣ್ಣು ಮುಚ್ಚಿಕೊಂಡು ಮುಷ್ಟಿ ಬಿಗಿದುಕೊಂಡು ಬಂದಳು, ಹಣೆಗೆ ಕುಂಕುಮ ಇಟ್ಟುಕೊಂಡೇ ಬಂದಳು. ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಚಿಕ್ಕ ತಾತ ಬೀದಿಯಲ್ಲಿ ಸಿಕ್ಕವರಿಗೆಲ್ಲ ಹಳೆಯ ಯಂತ್ರದ ಗುಣಗಾನ ಮಾಡಿದ್ದೇ ಮಾಡಿದ್ದು!

ಮರುದಿನ ಎಂದಿನಂತೆ ಸ್ವಿಚ್ ಒತ್ತಿ ಅಡುಗೆಮನೆಗೆ ಹೋದೆ. ಎಣ್ಣೆ ಇಟ್ಟು ಸಾಸಿವೆ ಹಾಕಿದೆ. ಏಕೋ ತಿರುಗಿ ನೋಡಿದೆ. ಸಾಸಿವೆ ಇನ್ನೂ ಸಿಡಿದಿರಲಿಲ್ಲ, ಹೊರಗೆ ಪರದೆ ಬೆಳಗಿ, ಚಿತ್ರಗಳೆಲ್ಲ ಬಂದು ಕೂತಿದ್ದವು.

ಒಲೆ ಆರಿಸಿ ಬಂದು ನಿಂತೆ. ಗೊರ್ ಗೊರ್ ಸದ್ದಿಲ್ಲ. ಅದೇ ಹಳದಿ ಪೆಟ್ಟಿಗೆ, ಅದೇ ಕುಂಕುಮದ ಗಾಜು, ಅದೇ ಬಣ್ಣ, ಒಂದು ಬಟ್ಟಲೂ ಆಚೀಚೆ ಆಗಿಲ್ಲ. ಬಗ್ಗಿ ಪೆಟ್ಟಿಗೆಯ ಹಿಂಬದಿ ನೋಡಿದೆ. ತುಕ್ಕು ಹಿಡಿದಿದ್ದ ತಿರುಪುಗಳೆಲ್ಲ ಬೆಳ್ಳಿಯಂತೆ ಹೊಳೆಯುತ್ತಿದ್ದವು. ಸಂದಿಯಲ್ಲಿ ಇಣುಕಿದರೆ ಒಂದು ಎಳೆ ನೂಲೂ ಇಲ್ಲ. ಜೀವಮಾನದಲ್ಲಿ ಹಳೆಯದನ್ನು ಬಿಡದ ಮನುಷ್ಯ, ಅಂದು ದಾರಿಯಲ್ಲಿ ನಾನಾಡಿದ ಮಾತನ್ನು ಮರೆಯದೆ, ಒಳಗಿನದೆಲ್ಲವನ್ನೂ ಹೊಸದಾಗಿ ತಂದು ಹಳೆಯ ಚಿಪ್ಪಿನಲ್ಲಿ ಬಚ್ಚಿಟ್ಟಿದ್ದರು. ನಂಟರೆಲ್ಲ ಜಿಪುಣ ಎಂದು ನಗುವುದನ್ನೂ ಹಾಗೆಯೇ ಉಳಿಸಿಕೊಂಡಿದ್ದರು.

ಮಹಡಿಯಿಂದ ಕಾಫಿಗೆಂದು ಇಳಿದು ಬಂದು ಕೇಳಿದರು: “ಹೇಗಿದಾನೆ ಅತ್ತಿಗೆ, ನಮ್ಮ ಹಳಬ?”

“ಹಳೇದು ಹಳೇದೇ ಕಣಪ್ಪ. ಎಷ್ಟು ಗಟ್ಟಿ ನೋಡು!” ಎಂದೆ.

“ನಾನು ಹೇಳ್ಲಿಲ್ವಾ?” ಎಂದರು ಲೋಟದೊಳಗೆ ಮುಖವಿಟ್ಟುಕೊಂಡು.

ಮಕ್ಕಳೇ, ಇದನ್ನು ಓದಿದಿರೆಂದು ಅವರ ಮುಂದೆ ಬಾಯಿಬಿಟ್ಟೀರಿ, ಜೋಕೆ! ನಾನೂ ಬಿಟ್ಟಿಲ್ಲ. ಈಗಲೂ ದಿನಾ ಸ್ವಿಚ್ ಒತ್ತುತ್ತೇನೆ. ನೀವು ಆ ಕ್ಷಣವೇ ಬಂದು ಕಾಯುತ್ತಿರುತ್ತೀರಿ, ನನಗೆ ಗೊತ್ತು. ಆದರೂ ಒಳಗೆ ಹೋಗಿ ಎಣ್ಣೆ ಇಟ್ಟು, ಮಹಡಿಗೆ ಕೇಳುವಷ್ಟು ಜೋರಾಗಿ ಸಾಸಿವೆ ಸಿಡಿಯುವವರೆಗೂ ನಿಂತಿದ್ದು, ಆಮೇಲೆಯೇ ಕೈ ಒರೆಸಿಕೊಂಡು ಬರುತ್ತೇನೆ.