ಸೆಂಟು ಹಾಕಿಕೊಂಡು ಮನೆ ನೋಡಬಾರದು

ನನ್ನ ಮುಖ ನೋಡಿದರೆ ಇವನ ಹತ್ತಿರ ದುಡ್ಡಿದೆ ಎಂದು ಯಾರಿಗೂ ಅನಿಸುವುದಿಲ್ಲ. ಮೂಡುಬಿದಿರೆಯ ಹೈಸ್ಕೂಲಿನಲ್ಲಿ ಹಿಂದಿ ಕಲಿಸುವವನ ಮುಖ ಇನ್ನು ಹೇಗಿರಬೇಕು? ಬಟ್ಟೆ ಅಂಗಡಿಯವರು ನನ್ನನ್ನು ಕಂಡೊಡನೆ, ಕೇಳದೆಯೇ ಕೆಳಗಿನ ಸಾಲಿನ ಸೀರೆಗಳನ್ನು ತೆಗೆಯುತ್ತಾರೆ. ಬಹಳ ಕಾಲ ಇದನ್ನು ಅವಮಾನವೆಂದೇ ತಿಳಿದಿದ್ದೆ. ಅದೂ ಒಂದು ಆಸ್ತಿ ಎಂದು ಗೊತ್ತಾದದ್ದು ಮನೆ ಹುಡುಕಲು ಹೊರಟಾಗ.

ನಾವಿದ್ದ ಬಾಡಿಗೆ ಮನೆಯ ಧಣಿಗಳು ಮಗನಿಗೆ ಮದುವೆ ಗೊತ್ತುಮಾಡಿ, "ಮಾಷ್ಟ್ರೇ, ಮಳೆಗಾಲ ಮುಗಿಯುವಾಗ ಮನೆ ಬಿಟ್ಟುಕೊಡಬೇಕು" ಎಂದಿದ್ದರು. ನನ್ನ ಹೆಂಡತಿ ಜೊಹರಾ ಪ್ರತಿ ಬಾಡಿಗೆ ಮನೆಯಲ್ಲೂ ಒಂದು ಕರಿಬೇವಿನ ಗಿಡ ನೆಟ್ಟು, ಅದು ಒಗ್ಗರಣೆಗೆ ಬರುವ ಹೊತ್ತಿಗೆ ಬಿಟ್ಟು ಬಂದವಳು. "ಇನ್ನೊಬ್ಬರ ಒಗ್ಗರಣೆಗೆ ಇನ್ನು ನಾನು ಗಿಡ ನೆಡುವುದಿಲ್ಲ. ಸಣ್ಣದಾದ್ರೂ ಸಾಕು, ನಮ್ಮದೇ ಮನೆ ಆಗ್ಬೇಕು" ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟಳು.

ಬ್ರೋಕರ್ ಬೂಬಣ್ಣನ ಲೆಕ್ಕ ಸರಳ: ಪೇಟೆಯಿಂದ ದೂರ ಹೋದಷ್ಟೂ ಬೆಲೆ ಇಳಿಯುತ್ತದೆ. ಹಾಗೆ ಇಳಿಸುತ್ತ ಇಳಿಸುತ್ತ ಅವನು ನನ್ನನ್ನು ಕಕ್ಕಿಂಜೆಯವರೆಗೂ ಕರೆದೊಯ್ದ. ಇನ್ನೂ ಸ್ವಲ್ಪ ಕಡಿಮೆಗೆ ಕೇಳಿದ್ದರೆ ಚಾರ್ಮಾಡಿ ಘಾಟಿಯನ್ನೇ ಹತ್ತಿಸುತ್ತಿದ್ದ. ಅಲ್ಲಿಂದ ಶಾಲೆಗೆ ಬರುವಷ್ಟರಲ್ಲಿ ಮಕ್ಕಳು ಮನೆಗೆ ಹೊರಟಿರುತ್ತಾರೆ. ಕೊನೆಗೆ ಹತ್ತಿರದ ಪುತ್ತಿಗೆಯಲ್ಲೇ ಲಿಂಗಪ್ಪಣ್ಣನವರ ಹಂಚಿನ ಮನೆ ಸಿಕ್ಕಿತು. ಬೇಸಿಗೆಯಲ್ಲೂ ಬತ್ತದ ಬಾವಿ. ಲಿಂಗಪ್ಪಣ್ಣ ನನ್ನ ಮುಖವನ್ನೂ ನನ್ನ ಕೊಡೆಯನ್ನೂ ನೋಡಿ ಹೇಳಿದ ಬೆಲೆ, ಸೊಸೈಟಿ ಸಾಲಕ್ಕೆ ಎಟುಕುವಂತಿತ್ತು. ಅಲ್ಲೇ ಒಪ್ಪಿಬಿಡಬಹುದಿತ್ತು. ಆದರೆ ಹೆಂಡತಿಯ ಕಡೆಯವರಿಗೆ ತೋರಿಸದೆ ಮನೆಯ ಮಾತು ಮುಗಿಸಿದರೆ, ಮತ್ತೆ ಆ ಮನೆಯಲ್ಲಿ ಊಟ ರುಚಿಸುವುದಿಲ್ಲ. ಜೊಹರಾಳ ತಮ್ಮ ಅಶ್ರಫ್ ಅದೇ ವಾರ ದಮ್ಮಾಮಿನಿಂದ ರಜೆಯಲ್ಲಿ ಬಂದಿದ್ದ.

"ನೀವು ಸುಮ್ಮನೆ ಬನ್ನಿ ಭಾವ, ನಾನು ಮಾತಾಡ್ತೇನೆ" ಎಂದು ಅವನು ಬಾಡಿಗೆ ಕಾರು ತಂದ. ಗಲ್ಫಿನಿಂದ ಬಂದವನು ಯಾರ ಮನೆಗೂ ಬರಿಗೈಯಲ್ಲಿ ಹೋಗಬಾರದೆಂಬುದು ನಮ್ಮ ಕಡೆಯ ಕಾನೂನು. ಹಾಗಾಗಿ ಲಿಂಗಪ್ಪಣ್ಣನಿಗೆ ಸೆಂಟಿನ ಬಾಟಲಿ, ಅವರ ಹೆಂಡತಿಗೆ ಸೋಪು, ಮಕ್ಕಳಿಗೆ ಚಾಕಲೇಟು ಹಂಚಿದ. ಕಾರಿನಲ್ಲಿ ನನ್ನ ಅಂಗಿಗೂ ಧಾರಾಳವಾಗಿ ಸೆಂಟು ಹೊಡೆದಿದ್ದ. ಲಿಂಗಪ್ಪಣ್ಣ ಮೂಗರಳಿಸಿ ಒಳಗೆ ಹೋದರು. ಹೊರಗೆ ಬರುವಾಗ ಕೈಯಲ್ಲಿ ಬೆಲ್ಲ-ನೀರಿನ ಬದಲು ಶರಬತ್ತು, ಬಾಯಲ್ಲಿ ಹೊಸ ಬೆಲೆ. ಹಳೆಯದರ ಒಂದೂವರೆ ಪಟ್ಟು. "ಎಂಥ ಮಾರಾಯ್ರೇ, ನೀವು ಮನೆ ನೋಡ್ಲಿಕ್ಕೆ ಬಂದದ್ದಾ, ಹೆಣ್ಣು ನೋಡ್ಲಿಕ್ಕಾ?" ಎಂದು ಜೊತೆಗೆ ಬಂದಿದ್ದ ಬೂಬಣ್ಣ ವಾಪಸು ದಾರಿಯುದ್ದಕ್ಕೂ ತಲೆ ಚಚ್ಚಿಕೊಂಡ.

ಮುಂದಿನ ವಾರ ಕಾಲರು ಹರಿದ ಅಂಗಿ ತೊಟ್ಟು ವಾಮದಪದವಿನಲ್ಲಿ ಇನ್ನೊಂದು ಮನೆ ನೋಡಲು ಹೋದೆ. ಕಾರು-ಸೆಂಟಿನ ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಅಲ್ಲಿನ ಯಜಮಾನರು ನಕ್ಕು, "ದುಬಾಯಿಯವರು ಈಗೀಗ ಹೀಗೇ ಬರುವುದು. ನಮಗೆ ಗೊತ್ತುಂಟು" ಎಂದರು.

ಮನೆಗೆ ಬಂದವನೇ ಅಶ್ರಫನ ಮೇಲೆ ರೇಗಿದೆ. "ನಿಮ್ಮ ದುಡ್ಡಿನಿಂದಲೇ ಈ ಊರಿನಲ್ಲಿ ಮಾಷ್ಟ್ರುಗಳಿಗೆ ಮನೆ ಇಲ್ಲದ ಹಾಗಾದದ್ದು!" ಅವನು ಹೇಳಿದ: "ಭಾವ, ನಾನೂ ಪ್ರತಿ ರಜೆಯಲ್ಲಿ ಬಂಟ್ವಾಳದಲ್ಲಿ ಮನೆ ನೋಡ್ತೇನೆ. ನಾನು ಕೂಡಿಸಿಕೊಂಡು ಬರುವಾಗ ಬೆಲೆ ಇನ್ನೂ ಮುಂದೆ ಹೋಗಿರ್ತದೆ. ಅಲ್ಲಿ ನಾನು ಅಂಗಡಿಯಲ್ಲಿ ಪೆಟ್ಟಿಗೆ ಹೊರುವವ. ಹೇಳಿದ್ರೆ ಇಲ್ಲಿ ಯಾರು ನಂಬ್ತಾರೆ?" ಅವನ ಹೆಂಡತಿ ಮಕ್ಕಳು ಅವನ ಮಾವನ ಮನೆಯ ಒಂದು ಕೋಣೆಯಲ್ಲಿದ್ದರು. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಅಶ್ರಫ್ ರಜೆ ಮುಗಿಸಿ ಹೋದ ಮೇಲೆ, ಅಂಗಿಯನ್ನು ಚೆನ್ನಾಗಿ ಒಗೆಸಿ ಮತ್ತೆ ಪುತ್ತಿಗೆಗೆ ಹೋದೆ. ಅಷ್ಟು ಬೆಲೆಗೆ ಯಾರೂ ಬಂದಿರಲಿಲ್ಲ. ಲಿಂಗಪ್ಪಣ್ಣ ನನ್ನ ಬೆನ್ನ ಹಿಂದೆ ಇಣುಕಿ, "ನಿಮ್ಮ ಭಾವಮೈದ ಬರ್ಲಿಲ್ವಾ?" ಎಂದರು. "ವಾಪಸು ಹೋದ" ಎಂದೆ. ಬೆಲೆ ಹಳೆಯ ಜಾಗಕ್ಕೆ ಬಂದು ಕೂತಿತು. ಜೊಹರಾ ಅಲ್ಲಿ ನೆಟ್ಟ ಕರಿಬೇವು ಈಗ ನನಗಿಂತ ಎತ್ತರವಾಗಿದೆ.

ಇಲ್ಲಿಗೇ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಕಳೆದ ತಿಂಗಳು ಲಿಂಗಪ್ಪಣ್ಣ ಬೇಲಿಯಾಚೆ ಉಳಿಸಿಕೊಂಡಿದ್ದ ಚಿಕ್ಕ ಮನೆಯನ್ನೂ ಮಾರಲು ಹೊರಟರು. "ಮಾಷ್ಟ್ರೇ, ಬೂಬಣ್ಣ ನಾಳೆ ಯಾರನ್ನೋ ಕಳಿಸ್ತಾನಂತೆ, ಗಲ್ಫಿನವರು. ಎಷ್ಟು ಹೇಳುವ?" ಎಂದು ಕೇಳಿದರು. ಇಂಥ ವಿಷಯದಲ್ಲಿ ನನ್ನನ್ನು ಕೇಳಿದ್ದು ಅದೇ ಮೊದಲು. ಈಗ ನಾನೂ ಮನೆಯುಳ್ಳವ. ಪಕ್ಕದ ಮನೆಯ ಬೆಲೆ ಏರಿದರೆ ನನ್ನದೂ ಏರಿದ ಹಾಗೆ. "ಗಲ್ಫಿನವರಿಗೇನು ಕಷ್ಟ? ಒಂದೂವರೆ ಪಟ್ಟು ಹೇಳಿ. ಇಳಿಯಬೇಡಿ" ಎಂದು ಗಂಭೀರವಾಗಿ ಸಲಹೆ ಕೊಟ್ಟೆ.

ಮರುದಿನ ರಿಕ್ಷಾದಿಂದ ಮಾಸಿದ ಅಂಗಿ ತೊಟ್ಟು ಇಳಿದವನು ಅಶ್ರಫ್. ರಜೆಯಲ್ಲಿ ಬಂದದ್ದನ್ನೇ ನಮಗೆ ತಿಳಿಸಿರಲಿಲ್ಲ. ಬೇಲಿಯ ಹತ್ತಿರ ಬಂದು ಪಿಸುಗುಟ್ಟಿದ: "ಅಕ್ಕನಿಗೆ ಈಗ ಹೇಳ್ಬೇಡಿ ಭಾವ. ಮಾತು ಮುಗಿದ ಮೇಲೆ ಹೇಳುವ, ಖುಷಿಪಡ್ತಾಳೆ. ಈ ಸಲ ನೋಡಿ, ನಾನು ಸೆಂಟು ಹಾಕಿಲ್ಲ."

ನಾನು ಬಾಯಿ ತೆರೆಯುವ ಮೊದಲೇ ಲಿಂಗಪ್ಪಣ್ಣ ಜಗಲಿಯಿಂದ ಕೂಗಿದರು: "ಬನ್ನಿ, ಬನ್ನಿ. ರೇಟಿನಲ್ಲಿ ನನ್ನದೇನಿಲ್ಲ, ಹೇಳಿದ್ದು ಆ ಮಾಷ್ಟ್ರೇ. ಬೇಕಾದ್ರೆ ಅಲ್ಲೇ ಕೇಳಿ!"